ಆಟಕ್ಕೇಕೆ ಅಧಿಕಾರಮುದ್ರೆ?

2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ, ಗಣಕದ ಒಡೆಯನನ್ನೂ ಸಾಮಾನ್ಯ ಬಳಕೆದಾರನಂತೆ ಕಂಡು, ಮಹತ್ತ್ವದ ಬದಲಾವಣೆಗೆ ಮುನ್ನ ಅವನ ಒಪ್ಪಿಗೆ ಕೇಳುವ ಪದ್ಧತಿಯನ್ನು ತಂದಿತು. ಎಕ್ಸ್‌ಪಿ ಕಾಲದ ಅನೇಕ ಆಟಗಳಿಗೆ ಈ ಶಿಸ್ತು ಅಪರಿಚಿತ. ಆಗ ಮನೆಯ ಗಣಕಗಳಲ್ಲಿ ಬಹುತೇಕ ಎಲ್ಲರೂ ಆಡಳಿತಗಾರರೇ! ಆಟಗಾರನ ಪ್ರಗತಿಯ ದಾಖಲೆಯನ್ನು ಅವು 'ಪ್ರೋಗ್ರಾಂ ಫೈಲ್ಸ್' ಫೋಲ್ಡರಿನಲ್ಲೇ ಬರೆಯುತ್ತಿದ್ದವು. ಅಲ್ಲಿ ಬರೆಯಲು ಈಗ ಆಡಳಿತಾಧಿಕಾರ ಬೇಕು. ಅದಕ್ಕಾಗಿ ಹಲವರು ಅಂಥ ಆಟವನ್ನು ಆಡಳಿತಗಾರನ ಹೆಸರಿನಲ್ಲೇ ತೆರೆಯುತ್ತಾರೆ. ಪ್ರತಿಸಲವೂ ಪರದೆ ಮಬ್ಬಾಗಿ ಪ್ರಶ್ನೆ ಎದುರಾಗುತ್ತದೆ. ಬೇಸತ್ತವರು ಕಾವಲನ್ನೇ ಕಿತ್ತುಹಾಕುವುದುಂಟು. ಅದು ಅವಿವೇಕ. ದೋಷವಿರುವುದು ಆಟ ಬರೆಯುವ ತಾಣದಲ್ಲಿ. ಅದನ್ನು ಬಳಕೆದಾರನದೇ ಫೋಲ್ಡರಿನಲ್ಲಿ ಸ್ಥಾಪಿಸಿದರೆ ತೊಡಕು ಬಹುಮಟ್ಟಿಗೆ ನೀಗುತ್ತದೆ. ಸ್ಥಾಪನೆಯ ವೇಳೆ ಒಮ್ಮೆ ಅನುಮತಿ ಕೇಳುವುದು ನ್ಯಾಯ. ಆಡುವಾಗಲೆಲ್ಲ ಕೇಳುವ ಹೊಸ ಆಟವನ್ನು, ತಯಾರಕರು ಕಾರಣ ಹೇಳುವವರೆಗೂ, ಶಂಕೆಯಿಂದಲೇ ನೋಡಬೇಕು.