ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂದಿದ್ದೆ

ಹೋದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆಂದು ನಮ್ಮ ಹಾಸ್ಟೆಲ್ ಮೆಸ್‌ನ ಲೆಕ್ಕ ಇಡುವ ಆ್ಯಪ್ ಮಾಡಿದ್ದೆ. ತಿಂಗಳ ಕೊನೆಗೆ ರೂಮ್‌ಮೇಟ್ ಬಂದು, 'ಒಂದೇ ರಾತ್ರಿ ಮೂರು ಊಟ ಬರೆದಿದೆಯಲ್ಲೋ' ಎಂದ. 'ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣೋ, ನೀನೇ ತಿಂದಿರ್ತೀಯ' ಎಂದು ನಕ್ಕೆ. ಎರಡು ದಿನ ಬಿಟ್ಟು ಕೋಡ್ ನೋಡಿದರೆ ತಪ್ಪು ನನ್ನದೇ. ನೆಟ್‌ವರ್ಕ್ ನಿಧಾನವಾದಾಗ ಬಟನ್ ಎಷ್ಟು ಸಲ ಒತ್ತಿದರೆ ಅಷ್ಟು ಊಟ. ಅವನಿಗೊಂದು ಟೀ ಕೊಡಿಸಿ ಮುಗಿಸಿದೆ.

ಬ್ರಿಟನ್ನಿನಲ್ಲಿ ಇದೇ ಮಾತು ಟೀಯಲ್ಲಿ ಮುಗಿಯಲಿಲ್ಲ. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಫುಜಿತ್ಸು ಕಂಪನಿಯ 'ಹೊರೈಜನ್' ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಊರಿನ ಅಂಗಡಿಯ ಜೊತೆಗೆ ಅಂಚೆ ಕೌಂಟರ್ ನಡೆಸುತ್ತಿದ್ದ ಸಾಮಾನ್ಯ ಜನರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಸಾವಿರಾರು ಪೌಂಡ್ ಕೊರತೆ ಕಾಣತೊಡಗಿತು. ಸಹಾಯವಾಣಿಗೆ ಫೋನ್ ಮಾಡಿದವರಲ್ಲಿ ಹಲವರಿಗೆ ಸಿಕ್ಕ ಉತ್ತರ, 'ಈ ತೊಂದರೆ ನಿಮಗೊಬ್ಬರಿಗೇ.' ಕೆಲವರು ಮನೆ ಮಾರಿ ಹಣ ತುಂಬಿದರು. 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಶಿಕ್ಷೆಯಾಯಿತು.

ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಶಾಖೆಯಲ್ಲಿ 2015ರಲ್ಲಿ ಆದದ್ದು ಓದಿ ನನ್ನ ಮೈ ಜುಮ್ಮೆಂದಿತು. ಪರದೆ ಸ್ತಬ್ಧವಾಯಿತೆಂದು ಎಂಟರ್ ಕೀ ಮತ್ತೆ ಮತ್ತೆ ಒತ್ತಿದ್ದಕ್ಕೆ 8,000 ಪೌಂಡಿನ ಜಮೆ ನಾಲ್ಕು ಸಲ ದಾಖಲಾಯಿತು. ಇಲ್ಲದ 24,000 ಪೌಂಡಿನ ಕೊರತೆ! ನನ್ನ ಮೆಸ್ ಆ್ಯಪ್‌ನ ತಪ್ಪಿಗೆ ಖಾಸಾ ಅಣ್ಣ.

ತಪ್ಪಿಲ್ಲದ ಸಾಫ್ಟ್‌ವೇರ್ ಯಾರೂ ಬರೆಯಲಾರರು. ಆದ್ದರಿಂದ ತಪ್ಪಾಗಿದ್ದಕ್ಕಿಂತ, ಅದನ್ನು ಒಪ್ಪದ ವ್ಯವಸ್ಥೆಯೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಕಂಪ್ಯೂಟರ್ ಸರಿಯಾಗಿಯೇ ಇದೆ ಎಂದು ಅಲ್ಲಿನ ಕಾನೂನು ಮೊದಲೇ ಭಾವಿಸುತ್ತಿತ್ತು. ಕೌಂಟರ್‌ನವರಿಗೆ ಕೊರತೆ ಎಲ್ಲಿಂದ ಬಂತೆಂದು ನೋಡುವ ದಾರಿ ಇರಲಿಲ್ಲ. ಫುಜಿತ್ಸು ಎಂಜಿನಿಯರುಗಳು ಮಾತ್ರ ದೂರದಲ್ಲಿ ಕುಳಿತೇ ಶಾಖೆಯ ಲೆಕ್ಕ ಬದಲಿಸಬಹುದಿತ್ತು; ಅದು ಸಾಧ್ಯವೇ ಇಲ್ಲವೆಂದು ಅಂಚೆ ಸಂಸ್ಥೆ ವರ್ಷಗಟ್ಟಲೆ ಹೇಳಿತು. ಹೊರೈಜನ್‌ನಲ್ಲಿ ದೋಷಗಳಿವೆ ಎಂದು ಹೈಕೋರ್ಟ್ ಹೇಳಿದ್ದು 2019ರಲ್ಲಿ. ಶಿಕ್ಷೆಗಳ ರದ್ದತಿಗೆ 2024ರಲ್ಲಿ ಪಾರ್ಲಿಮೆಂಟೇ ಕಾನೂನು ತರಬೇಕಾಯಿತು. ಕನಿಷ್ಠ 13 ಮಂದಿ ಇದರಿಂದ ಆತ್ಮಹತ್ಯೆ ಮಾಡಿಕೊಂಡಿರಬಹುದು ಎಂದು 2025ರ ಜುಲೈನಲ್ಲಿ ವಿಚಾರಣಾ ವರದಿ ಹೇಳಿದೆ.

ಪ್ಲೇಸ್‌ಮೆಂಟ್‌ಗೆ ನಾವೆಲ್ಲ ಸಾರ್ಟಿಂಗ್, ಗ್ರಾಫ್ ಎಂದು ಉರು ಹೊಡೆಯುತ್ತೇವೆ. ನಿನ್ನ ಪ್ರೋಗ್ರಾಂ ತಪ್ಪಿದರೆ ಬಳಸುವವನಿಗೆ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆಯನ್ನು ಲ್ಯಾಬ್ ವೈವಾದಲ್ಲೂ ನಮಗೆ ಯಾರೂ ಕೇಳಿಲ್ಲ.

ಆ್ಯಪ್ ಅನ್ನು ಮತ್ತೆ ಬರೆದೆ. ಈಗ ಪ್ರತಿ ಊಟಕ್ಕೂ ಒಂದು ನಂಬರ್ ಇದೆ. ಅದೇ ನಂಬರ್ ಎರಡನೇ ಸಲ ಬಂದರೆ ಲೆಕ್ಕಕ್ಕಿಲ್ಲ. ಯಾವ ದಿನ, ಎಷ್ಟು ಗಂಟೆಗೆ ಬರೆದದ್ದು ಎಂದು ಎಲ್ಲರಿಗೂ ಅವರವರ ಪಟ್ಟಿ ಕಾಣುತ್ತದೆ. ಪಕ್ಕದಲ್ಲೇ 'ಇದು ತಪ್ಪು' ಎಂಬ ಬಟನ್. ಇದಕ್ಕೆ ಹೆಚ್ಚು ಮಾರ್ಕ್ಸ್ ಏನೂ ಸಿಗಲಿಲ್ಲ ಬಿಡಿ. ಈ ತಿಂಗಳು ಆ ಬಟನ್ ನಾಲ್ಕು ಸಲ ಒತ್ತಿದ್ದಾರೆ. ಒಮ್ಮೆ ಒತ್ತಿದವನದೇ ಮರೆವು, ಎರಡು ಸಲ ನನ್ನ ಕೋಡ್‌ನದೇ ತಪ್ಪು. ಇನ್ನೊಂದನ್ನು ಇನ್ನೂ ಹುಡುಕುತ್ತಿದ್ದೇನೆ.