ಮಗಳು ಸ್ಪಾನಿಷ್ ಎಂ.ಎ. ಓದುತ್ತೇನೆಂದರೆ…



ತಿಂಗಳ ಮೊದಲ ವಾರ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, “ಪಗಾರ ಆತೇನ್ರಿ?” ಈ ಪಗಾರ ಎಲ್ಲಿಂದ ಬಂತು ಎಂದು ಯಾರಾದರೂ ಯೋಚಿಸಿದ್ದೀರಾ? ಗೋವೆಗೆ ಬಂದ ಪೋರ್ತುಗೀಜರು ಬಿಟ್ಟುಹೋದ ಶಬ್ದ ಅದು. ಅವರ ಭಾಷೆಯಲ್ಲಿ ‘ಪಗಾರ್’ ಎಂದರೆ ಹಣ ಕೊಡುವುದು. ಮಕ್ಕಳು ಅಭ್ಯಾಸಕ್ಕೆ ಕೂಡುವ ಮೇಜೂ ಅವರದೇ ಎನ್ನುವವರಿದ್ದಾರೆ, ಅವರಲ್ಲಿ ಅದು ‘ಮೆಸಾ’. ಪೋರ್ತುಗೀಜಿನ ಒಡಹುಟ್ಟಿದ ಅಕ್ಕನಂತಿರುವ ಸ್ಪಾನಿಷ್ ಭಾಷೆಯಲ್ಲೂ ಈ ಎರಡು ಶಬ್ದ ಹೀಗೇ ಇವೆ.

ಸ್ಪಾನಿಷ್ ಮಾತು ಈಗೇಕೆ ಬಂತೆಂದರೆ, ಲಕ್ಷ್ಮೇಶ್ವರದ ನನ್ನ ಗೆಳತಿಯ ಮಗಳು ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಸ್ಪಾನಿಷ್ ಕಲಿತು ಅದರಲ್ಲೇ ಎಂ.ಎ. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ದಿನಾ ಜಗಳ. “ಬಿ.ಎಡ್. ಮಾಡಿದ್ರ ಊರಾಗ ಇರ್ತಿದ್ಲು. ಆ ಭಾಷಾ ಕಲ್ತು ಯಾರ ಜೋಡಿ ಮಾತಾಡ್ತಾಳ? ಕನ್ನಡ ಸಾಲಿ ಕಲ್ತಾಕಿ, ಇಂಗ್ಲೀಷ ಸರಿಯಾಗಿ ಬರೂದಿಲ್ಲ. ನೀವರೆ ಹೇಳ್ರಿ ಅಕ್ಕಾರ” ಎಂದು ಗೆಳತಿ ನನ್ನನ್ನು ಕೇಳಿದರು. ನಾನು ಓದಿದ್ದು ಹತ್ತನೆಯ ಇಯತ್ತೆ. ಆದರೂ ತಿಳಿದವರನ್ನು ಕೇಳಿ, ಒಂದು ಮೊದಲ ಪಾಠದ ಪುಸ್ತಕ ತರಿಸಿ ನೋಡಿ, ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತಿದ್ದೇನೆ.

ಮೊದಲು ಒಂದು ಮುಖ್ಯ ಸಂಗತಿ. ಬೇರೆ ವಿಷಯದಲ್ಲಿ ಬಿ.ಎ. ಮುಗಿಸಿ, ಸ್ಪಾನಿಷ್ ಗಂಧವೇ ಇಲ್ಲದೆ ನೇರವಾಗಿ ಎಂ.ಎ.ಗೆ ಹೋದರೆ ನಡೆಯುವುದಿಲ್ಲ. ಅಲ್ಲಿ ಪಾಠ, ಪರೀಕ್ಷೆ ಎಲ್ಲ ಆ ಭಾಷೆಯಲ್ಲೇ. ಆದರೆ ಪಿ.ಯು.ಸಿ. ಆದವರು ಅ-ಆದಿಂದ ಶುರುಮಾಡಬಹುದು. ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲೂ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯದಲ್ಲೂ ಸ್ಪಾನಿಷ್ ಬಿ.ಎ. ಇದೆ, ಮುಂದೆ ಎಂ.ಎ. ಇದೆ. ಹೈದರಾಬಾದಿನದು 1958ರಲ್ಲಿ ಇಂಗ್ಲಿಷ್ ಕಲಿಸುವ ಸಂಸ್ಥೆಯಾಗಿ ಶುರುವಾದದ್ದು. ಎರಡೂ ಕೇಂದ್ರ ಸರಕಾರದವು, ಫೀ ಖಾಸಗಿ ಕಾಲೇಜುಗಳಿಗಿಂತ ಎಷ್ಟೋ ಕಡಿಮೆ. ಎರಡಕ್ಕೂ ಪ್ರವೇಶ ಪರೀಕ್ಷೆ ಉಂಟು. ಬಿ.ಎ., ಎಂ.ಎ. ಸೇರಿ ಐದು ವರ್ಷದ ಹಾದಿ ಎಂದು ಲೆಕ್ಕ ಹಿಡಿಯಿರಿ. ‘ಮೂರು ತಿಂಗಳಲ್ಲಿ ಸ್ಪಾನಿಷ್’ ಎನ್ನುವ ಜಾಹೀರಾತುಗಳನ್ನು ಮಾತ್ರ ನಂಬಬೇಡಿ. ಮೂರು ತಿಂಗಳಲ್ಲಿ ಹೆಸರು ಹೇಳಿ, ಚಹಾ ಕೇಳುವಷ್ಟು ಬಂದೀತು.

ಇನ್ನು ಇಂಗ್ಲಿಷಿನ ಅಂಜಿಕೆ. ಆ ಪುಸ್ತಕ ತಿರುವಿ ಹಾಕಿದಾಗ ನನಗೆ ಆಶ್ಚರ್ಯವೇ ಆಯಿತು! “ನನಗೆ ಚಹಾ ಸೇರುತ್ತದೆ” ಎನ್ನುತ್ತೇವಲ್ಲ, ಇಂಗ್ಲಿಷಿನವರು ಅದನ್ನು ತಿರುವಿ “ನಾನು ಚಹಾ ಇಷ್ಟಪಡುತ್ತೇನೆ” ಎನ್ನುತ್ತಾರೆ. ಸ್ಪಾನಿಷಿನಲ್ಲಿ “ಮೆ ಗುಸ್ತಾ ಎಲ್ ತೇ”. ‘ಮೆ’ ಎಂದರೆ ನನಗೆ, ‘ಗುಸ್ತಾ’ ಎಂದರೆ ಸೇರುತ್ತದೆ. ನಮ್ಮ ಹಾಗೆಯೇ! ‘ನೀನು’, ‘ನೀವು’ ಬೇರೆ ಬೇರೆ ಇವೆ, ‘ತು’ ಮತ್ತು ‘ಉಸ್ತೆದ್’. ಹಿರಿಯರಿಗೆ, ಹೊಸಬರಿಗೆ ‘ಉಸ್ತೆದ್’ ಎನ್ನುವುದು ಮರ್ಯಾದೆ. ನಾವು ‘ನಾನು’ ಬಿಟ್ಟು ಬರೀ “ಮಾತಾಡ್ತೀನಿ” ಎಂದಂತೆ ಅವರೂ “ಆಬ್ಲೊ” ಎಂದರೆ ಸಾಕು, ಮಾತಾಡುವವರು ಯಾರೆಂದು ಕ್ರಿಯಾಪದದ ಬಾಲವೇ ಹೇಳುತ್ತದೆ.

ಇನ್ನೊಂದನ್ನು ಕೇಳಿ. “ಆಕೆ ನನ್ನ ತಂಗಿ” ಎನ್ನುವಾಗ ನಾವು ‘ಇದ್ದಾಳೆ’ ಹಚ್ಚುವುದಿಲ್ಲ. “ಆಕೆ ಅಡುಗೆಮನೆಯಲ್ಲಿದ್ದಾಳೆ” ಎನ್ನುವಾಗ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಈಸ್’. ಸ್ಪಾನಿಷಿನಲ್ಲಿ ತಂಗಿಗೆ ‘ಎಸ್’, ಅಡುಗೆಮನೆಗೆ ‘ಎಸ್ತಾ’. ಇಂಗ್ಲಿಷಿನಿಂದ ಬಂದವರು ಇಲ್ಲಿ ತಿಣುಕುತ್ತಾರಂತೆ. ಕನ್ನಡದ ಹುಡುಗಿಗೆ ಈ ವ್ಯತ್ಯಾಸ ಕಿವಿಯಲ್ಲೇ ಇದೆ. ಅದೂ ಲಕ್ಷ್ಮೇಶ್ವರದವಳಿಗೆ! ಆದಿಕವಿ ಪಂಪ ತನ್ನದು ಪುಲಿಗೆರೆಯ ತಿರುಳುಗನ್ನಡವೆಂದು ಅಭಿಮಾನದಿಂದ ಹೇಳಿಕೊಂಡದ್ದು ಆ ಊರಿನ ಕನ್ನಡದ ಮೇಲೆಯೇ ತಾನೆ?

ಎಲ್ಲವೂ ಸಲೀಸೆಂದು ಹೇಳಲಾರೆ. ವಸ್ತುಗಳಿಗೂ ಹೆಣ್ಣು, ಗಂಡು ಎಂಬ ಹಿಂದಿಯ ಕಾಟ ಅಲ್ಲಿಯೂ ಇದೆ, ಸ್ಪಾನಿಷಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಒಂದೊಂದು ಕ್ರಿಯಾಪದಕ್ಕೆ ಹತ್ತಾರು ರೂಪ, ಅವನ್ನು ಮಗ್ಗಿಯಂತೆ ಬಾಯಿಪಾಠ ಮಾಡಬೇಕು. ಎಂ.ಎ.ಗೆ ಹೋದಮೇಲೆ ಸ್ಪೇನಿನ ಸಾಹಿತ್ಯ, ದಕ್ಷಿಣ ಅಮೆರಿಕದ ಇತಿಹಾಸ, ಭಾಷಾಂತರ ಎಂದು ಓದು ಬೆಳೆಯುತ್ತದೆ. ಓದುವ ಚಟ ಇಲ್ಲದವರಿಗೆ ಅದು ಬೇಸರದ ಕೆಲಸವೇ ಸರಿ.

“ಯಾರ ಜೋಡಿ ಮಾತಾಡ್ತಾಳ?” ಎಂದರಲ್ಲ ಗೆಳತಿ, ಅದಕ್ಕೆ ಉತ್ತರ ತೀರ ದೂರವಿಲ್ಲ. ಗದಗಿನಿಂದ ರೈಲು ಹಿಡಿದು ಬಳ್ಳಾರಿ, ಗುಂತಕಲ್ಲು ದಾಟಿದರೆ ಅನಂತಪುರ. ಬಾರ್ಸಿಲೋನಾದಲ್ಲಿ ಹುಟ್ಟಿದ ವಿಸೆಂತೆ ಫೆರರ್ ಎಂಬವರು 1969ರಲ್ಲಿ ಆ ಬರದ ಜಿಲ್ಲೆಗೆ ಬಂದು, 2009ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಹೆಂಡತಿ ಆನ್ನಾ ಜೊತೆ ಅವರು ಕಟ್ಟಿದ ಸಂಸ್ಥೆ ಶಾಲೆ, ಆಸ್ಪತ್ರೆ ನಡೆಸುತ್ತದೆ. ಸ್ಪೇನಿನ ಸಾವಿರಾರು ಮನೆಗಳಿಂದ ಅದಕ್ಕೆ ಹಣ ಬಂದಿದೆ, ಅಲ್ಲಿಂದ ವೈದ್ಯರೂ ಬಂದುಹೋಗಿದ್ದಾರೆ. ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ತಿಳಿಸುವವರು ಬೇಕಲ್ಲ? ಹಳ್ಳಿಯ ಹುಡುಗ ಹುಡುಗಿಯರಿಗೇ ಆ ಸಂಸ್ಥೆ ಸ್ಪಾನಿಷ್ ಕಲಿಸಿದೆ. ರೈತರ ಮನೆಯ ಮಗಳು ಅದನ್ನು ಕಲಿಯಬಲ್ಲಳೆಂದ ಮೇಲೆ ಶಿರಹಟ್ಟಿ, ಮುಂಡರಗಿಯ ಹುಡುಗಿಗೆ ಆಗದೇ?

ಸುಮಾರು ಇಪ್ಪತ್ತು ದೇಶಗಳ ರಾಜಭಾಷೆ ಅದು. ಬೆಂಗಳೂರು, ಹೈದರಾಬಾದಿನ ಕಂಪನಿಗಳಲ್ಲಿ ಆ ದೇಶಗಳ ಗಿರಾಕಿಗಳ ಕೆಲಸ ಇರುತ್ತದೆ. ಕಾಲೇಜಿನಲ್ಲಿ ಕಲಿಸಬೇಕೆಂದರೆ ಎಂ.ಎ. ಮೇಲೆ ಯು.ಜಿ.ಸಿ.ಯ ‘ನೆಟ್’ ಪರೀಕ್ಷೆ ಸ್ಪಾನಿಷಿನಲ್ಲೂ ಇದೆ. ಆದರೆ ನಮ್ಮ ಊರಲ್ಲೇ ನೌಕರಿ ಸಿಕ್ಕೀತೆಂದು ಆಸೆಪಡಬಾರದು. ಮಗಳು ಹೊರಗೇ ಇರುತ್ತಾಳೆಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಗೆಳತಿಯ ನಿಜವಾದ ಸಂಕಟ ಇದೇ ಎಂದು ನನ್ನ ಅಂದಾಜು, ಇಂಗ್ಲಿಷ್ ಬರೀ ನೆವ.

ಚಿಲಿ ದೇಶದ ಗೇಬ್ರಿಯೆಲಾ ಮಿಸ್ತ್ರಾಲ್ ಹಳ್ಳಿಶಾಲೆಯ ಮಾಸ್ತರಿಣಿ. 1945ರಲ್ಲಿ ನೊಬೆಲ್ ಪಡೆದ ಕವಯಿತ್ರಿ. ಅಂಥವರ ಬರಹ ಕನ್ನಡಕ್ಕೆ ಬಂದಾಗಲೆಲ್ಲ ಹೆಚ್ಚಾಗಿ ಇಂಗ್ಲಿಷಿನ ಬಾಗಿಲಿನಿಂದ ಬಂದಿದೆ. ನಮ್ಮ ಟಾಗೋರರು ಸ್ಪೇನಿಗೆ ಹೋದದ್ದೂ ಹಾಗೆಯೇ. ಸೆನೋಬಿಯಾ ಕಾಂಪ್ರುಬಿ ಎಂಬ ಹೆಣ್ಣುಮಗಳು ಇಂಗ್ಲಿಷಿನಿಂದ ಅನುವಾದಿಸಿದರು, ಮೊದಲ ಪುಸ್ತಕ 1915ರಲ್ಲಿ. ನಡುವಿನ ಆ ಬಾಗಿಲು ಇಲ್ಲದೆ ನೇರವಾಗಿ ಕನ್ನಡಕ್ಕೆ ತರಬಲ್ಲವರು ಎಷ್ಟು ಜನ ಇದ್ದಾರು?

ಮದುವೆಯ ಮಾತೂ ಬಂತು. ಐದು ವರ್ಷ ಮುಗಿಯುವಾಗ ಹುಡುಗಿಗೆ ಇಪ್ಪತ್ಮೂರು. ಈ ಕಾಲದಲ್ಲಿ ಅದೇನು ದೊಡ್ಡ ವಯಸ್ಸೇ? ನನಗೇನೋ ಕಳಿಸಬೇಕೆಂದೇ ಅನ್ನಿಸುತ್ತದೆ. ಗೆಳತಿಗೂ ಹಾಗೇ ಹೇಳಿದ್ದೇನೆ. ಅವಳ ಯಜಮಾನರು ಇನ್ನೂ ಹೂಂ ಅಂದಿಲ್ಲ. ಅರ್ಜಿ ಹಾಕುವ ದಿನ ಮಾತ್ರ ಯಾರ ಹೂಂಗೂ ಕಾಯುವುದಿಲ್ಲ, ಹಾಸ್ಟೆಲಿನ ಅರ್ಜಿಯೂ ಅಷ್ಟೇ. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ಈಗಲೇ ತೆಗೆಸಿಡಿ.

ಹಾಸ್ಟೆಲಿಗೆ ಕಳಿಸುವವರು ಶೇಂಗಾ ಚಟ್ನಿಪುಡಿ ಮರೆಯಬೇಡಿ. ಮೆಕ್ಸಿಕೋದ ವೆರಾಕ್ರೂಸ್ ಕಡೆ ಒಣಮೆಣಸಿನಕಾಯಿ, ಶೇಂಗಾ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು, ಅದೇ ಎಣ್ಣೆಯೊಡನೆ ಅರೆದು ‘ಸಾಲ್ಸಾ ಮಾಚಾ’ ಮಾಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಹಾಕಿ ನಾನೂ ಮಾಡಿ ನೋಡಿದೆ, ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಎಣ್ಣೆ ಮಾತ್ರ ಕೈ ಬಿಗಿ ಹಿಡಿಯದೆ ಹಾಕಬೇಕು.