ಪುಸ್ತಕದ ಕನ್ನಡವೆಂದು ನಗುವವರಿಗೆ

ಘಟ್ಟದ ಮೇಲಿನಿಂದ ಬಂದು ಮಂಗಳೂರಿನಲ್ಲಿ ನೆಲೆಸಿದ ನನ್ನಂಥವನಿಗೆ ಇಲ್ಲಿನ ಸೋಜಿಗಗಳು ಒಂದೆರಡಲ್ಲ. ಸಿಟಿ ಬಸ್ಸಿನ ಕಂಡಕ್ಟರು 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಎಂದು ಕೂಗಿದರೆ ಅದು ಬಸ್ ನಿಲ್ದಾಣದ ಹೆಸರೆಂದು ತಿಳಿಯಬೇಕು. ನಮ್ಮ ಕಡೆ ಬೋಂಡವೆಂದರೆ ಎಣ್ಣೆಯಲ್ಲಿ ಕರಿದ ತಿಂಡಿ. ಇಲ್ಲಿ 'ಬೊಂಡ' ಕೇಳಿದರೆ ಎಳನೀರು ಕೆತ್ತಿ ಕೊಡುತ್ತಾರೆ. ಊರಿಗಾದರೂ ಹೆಸರು ಒಂದೇ? ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. 2014ರ ನವೆಂಬರ್ 1ರಿಂದ ಇಂಗ್ಲಿಷ್ ಬರಹದಲ್ಲಿಯೂ 'ಮಂಗಳೂರು' ಎಂದೇ ಅಧಿಕೃತವಾಯಿತು. ಮನೆಮಾತಿನ ಹೆಸರುಗಳು ಮಾತ್ರ ಅಲುಗಲಿಲ್ಲ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಸೋಜಿಗವೆಂದರೆ ಇಲ್ಲಿಯವರು ಆಡುವ ಕನ್ನಡ. ನಾವು 'ಬರ್ತೀನಿ' ಎನ್ನುವಲ್ಲಿ ಇವರು 'ಬರ್ತೇನೆ' ಎನ್ನುತ್ತಾರೆ. 'ಅಲ್ಲಿ ರಸ್ತೆ ಕೆಲಸ ಉಂಟು, ಸುತ್ತು ಬಳಸಿ ಹೋಗಬೇಕಾಗುತ್ತದೆ ಮಾರಾಯ್ರೆ' ಎಂದು ರಿಕ್ಷಾದವರು ಹೇಳುವಾಗ, 'ಮಾರಾಯ್ರೆ'ಯೊಂದನ್ನು ಬಿಟ್ಟರೆ ಉಳಿದುದನ್ನು ಹಾಗೆಯೇ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆಯಬಹುದು. ನಾನು ಒಂದು ಅಂಕವನ್ನೂ ಕಳೆಯಲಾರೆ.

ಈ ಮಾತನ್ನೇ ಸಿನೆಮಾಗಳಲ್ಲಿ ಎಳೆದೆಳೆದು ಆಡಿಸಿ ನಗಿಸುತ್ತಾರೆ. ಅದರಲ್ಲಿ ನಗುವಂಥದ್ದೇನಿದೆ? ಇಲ್ಲಿನ ಬಹುಪಾಲು ಮಕ್ಕಳಿಗೆ ಅಮ್ಮನ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡವು ಅವರಿಗೆ ದೊರೆಯುವುದು ಶಾಲೆಯಲ್ಲಿ, ಪುಸ್ತಕದಲ್ಲಿ, ಮತ್ತು ಇದನ್ನು ಮರೆಯಬಾರದು, ಯಕ್ಷಗಾನದಲ್ಲಿ. ತಾಳಮದ್ದಳೆಯಲ್ಲಿ ಮನೆಯಲ್ಲಿ ತುಳುವಾಡುವ ಅರ್ಥಧಾರಿ ಬರೆದಿಟ್ಟ ಸಂಭಾಷಣೆಯಿಲ್ಲದೆ, ಇಂಗ್ಲಿಷಿನ ಒಂದು ಪದವೂ ನುಸುಳದಂತೆ, ಗಂಟೆಗಟ್ಟಲೆ ಕನ್ನಡದಲ್ಲಿ ವಾದಿಸುತ್ತಾನೆ. ಅಕ್ಷರ ಬಾರದ ಅಜ್ಜಿಯಂದಿರೂ ಅದನ್ನು ಕೇಳಿ ತಪ್ಪು ಹಿಡಿಯಬಲ್ಲರು. ನಮ್ಮ ಕಡೆ ಇಂಥ ಶಾಲೆ ಇರಲಿಲ್ಲ.

ಹೀಗೆ ಕಲಿತವರು ಕನ್ನಡಕ್ಕೆ ಕೊಟ್ಟುದೇನು ಕಡಿಮೆಯೇ? ಮಕ್ಕಳ ಪದ್ಯಗಳ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ಮಂಜೇಶ್ವರದ ಗೋವಿಂದ ಪೈಗಳದೂ ಅದೇ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. 'ಚಂದ್ರಗಿರಿಯ ತೀರದಲ್ಲಿ' ಬರೆದು, 2023ರಲ್ಲಿ ನಮ್ಮನ್ನಗಲಿದ ಸಾರಾ ಅಬೂಬಕ್ಕರ್ ಅವರದು ಮಲಯಾಳ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ್ದು ತುಳುವಿನ ನಡುವಿನ ಈ ಊರಿನಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾದುದೂ ಇಲ್ಲಿಯೇ. ಆ ಇಬ್ಬರೂ ಜರ್ಮನರು. ಪುಸ್ತಕದಿಂದಲೂ ಜನರಿಂದಲೂ ಕನ್ನಡವನ್ನು ಕಲಿತವರೇ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಹೇಳುವುದುಂಟು: 'ಸಾರ್, ನಾವು ಬಾಯಿ ತೆರೆದರೆ ನಗುತ್ತಾರೆ, ಅದಕ್ಕೆ ಅಲ್ಲಿ ಇಂಗ್ಲಿಷೇ ಆಡುತ್ತೇವೆ.' ನನಗೆ ನೋವಾಗುವುದು ಇಲ್ಲಿ. ನಾಲ್ಕು ಮನೆಮಾತಿನವರು ಒಂದೇ ಬೆಂಚಿನಲ್ಲಿ ಕುಳಿತು ಕಷ್ಟಪಟ್ಟು ಸಂಪಾದಿಸಿದ ಮಾತನ್ನು ಯಾರದೋ ನಗುವಿಗೆ ಹೆದರಿ ಬಿಡುವುದೇ? ನಿಮ್ಮ ಮಕ್ಕಳಿಗಂತೂ ಶಾಲೆಯಲ್ಲಿಯೂ ಕನ್ನಡ ಅಷ್ಟಕ್ಕಷ್ಟೇ. ನೀವೂ ಬಿಟ್ಟರೆ ಅವರು ಅದನ್ನು ಕೇಳುವುದೆಲ್ಲಿ?

ಇನ್ನು ಮುಂದೆ 'ಉಂಟು' ಎಂದಾಗ ಯಾರಾದರೂ ನಕ್ಕರೆ, ಅದು ವಚನಕಾರರು ಧಾರಾಳವಾಗಿ ಬಳಸಿದ ಪದವೆಂದು ತಿಳಿಸಿರಿ. ಆಮೇಲೂ ನಕ್ಕರೆ ನನ್ನ ಬಳಿಗೆ ಕಳುಹಿಸಿರಿ. ಬೊಂಡ ಕುಡಿಸಿ ಕಳುಹಿಸುತ್ತೇನೆ.